ಅವ್ವ ಹೇಳದ ಹೆಸರು

ಅವ್ವನಿಗೆ ಆ ಒಂದು ಅಂಕ ಕೊಡಿಸಿದವಳು ನಾನೇ. ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ.

ಪುಲಿಕೇಶಿನಗರದ ಆಚೆ ಇರುವ ಒಂದು ಆಸ್ಪತ್ರೆಯ ಮೊದಲ ಮಹಡಿ. ಕೆಲವು ತಿಂಗಳಿಂದ ಅವ್ವ ಒಲೆಯ ಮೇಲಿಟ್ಟ ಹಾಲು ಮರೆಯುತ್ತಿದ್ದಳು, ಹೇಳಿದ್ದನ್ನೇ ಹೇಳುತ್ತಿದ್ದಳು. "ವಯಸ್ಸಾತು ಬಿಡು" ಎಂದು ಅಪ್ಪ ತೇಲಿಸಿಬಿಡುತ್ತಿದ್ದ. ನಾನೇ ಹಟ ಹಿಡಿದು ಇಬ್ಬರನ್ನೂ ಸಿ.ವಿ. ರಾಮನ್ ನಗರದಿಂದ ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದೆ. ಡಾಕ್ಟರು ನನಗಿಂತ ಚಿಕ್ಕವರು, ಮೈಸೂರು ಕಡೆಯವರು. ಕಾಗದ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳಿ ಅಂಕ ಹಾಕುತ್ತಿದ್ದರು. ಅವ್ವ ವಾರ ಸರಿಯಾಗಿ ಹೇಳಿದಳು, ತಾರೀಖು ತಪ್ಪಿದಳು. ಮೂರು ಪದ ಹೇಳಿಕೊಟ್ಟು ಐದು ನಿಮಿಷದ ಮೇಲೆ ಕೇಳಿದರೆ ಒಂದೇ ಒಂದು ಬಂತು.

"ನಿಮ್ಮ ಯಜಮಾನ್ರ ಹೆಸರೇನಮ್ಮ?"

ಅವ್ವ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯ, ಅದನ್ನ ಹೆಂಗ ಹೇಳ್ಲೆವ್ವ!"

ಡಾಕ್ಟರು ಪೆನ್ನು ಹಿಡಿದು ಕಾದರು. ಅಪ್ಪ ಪಕ್ಕದ ಕುರ್ಚಿಯಲ್ಲಿ ಹೊಸ ಮದುಮಗನ ಹಾಗೆ ಮುಗುಳ್ನಗುತ್ತಿದ್ದ. ಆಗ ನಾನು ಬಾಯಿ ಹಾಕಿದೆ.

"ಮೇಡಂ, ಅದು ಮರೆವಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳೋದಿಲ್ಲ. ನಾಚಿಕೆ. ದಯವಿಟ್ಟು ಅದನ್ನ ತಪ್ಪು ಅಂತ ಹಾಕ್ಬೇಡಿ."

"ಓ, ಹೌದಾ? ನಮ್ಮಜ್ಜಿನೂ ಹಾಗೇ ಇದ್ರು," ಎಂದು ಡಾಕ್ಟರು ನಕ್ಕು ಅಂಕ ಹಾಕಿದರು. ಆಮೇಲೆ ಕಾಗದದ ಮೇಲೆ ಕಣ್ಣಾಡಿಸಿ, "ಸ್ವಲ್ಪ ಬಾರ್ಡರ್‌ನಲ್ಲಿದ್ದಾರೆ. ಮನೆಯವರ ಹೆಸರೇ ಹೋಗಿದ್ರೆ ಇವತ್ತೇ ಮುಂದಿನ ಟೆಸ್ಟ್ ಬರೀತಿದ್ದೆ. ಬ್ಲಡ್ ಟೆಸ್ಟ್‌ನಲ್ಲಿ ವಿಟಮಿನ್ ಬಿ12 ಕಡಿಮೆ ಬಂದಿದೆ, ಇಂಜೆಕ್ಷನ್ ಹಾಕಿಸಿ. ಒಂದು ವರ್ಷ ಬಿಟ್ಟು ಕರ್ಕೊಂಡು ಬನ್ನಿ," ಅಂದರು.

ಪರೀಕ್ಷೆ ಪಾಸಾದ ಸಂಭ್ರಮದಲ್ಲಿ ಅಪ್ಪ ಶಿವಾಜಿನಗರದ ಮಾರ್ಕೆಟ್ಟಿನ ಹತ್ತಿರ ಆಟೋ ನಿಲ್ಲಿಸಿ ಅವ್ವನಿಗೆ ಎರಡು ಮೊಳ ಮಲ್ಲಿಗೆ ಕೊಂಡ. ನಾನೂ ನಿರಾಳವಾಗಿ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಯಾಕೆಂದರೆ ಮರೆವನ್ನು ಅಳೆಯುವುದೇ ನನ್ನ ಕೆಲಸ. ಇಪ್ಪತ್ತು ವರ್ಷದಿಂದ ನಾನೊಂದು ಸಂಶೋಧನಾ ಸಂಸ್ಥೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಲಿಯ ಮಿದುಳಿನ ತೆಳುವಾದ ಹೋಳೊಂದನ್ನು ಆಮ್ಲಜನಕ ಹಾಯುವ ಉಪ್ಪುನೀರಿನಲ್ಲಿ ಜೀವಂತ ಇಟ್ಟು, ಒಂದು ಕಡೆಯಿಂದ ಸಣ್ಣ ವಿದ್ಯುತ್ ಕೊಟ್ಟು, ಇನ್ನೊಂದು ಕಡೆಯ ಕೋಶಗಳು ಅದಕ್ಕೆ ಎಷ್ಟು ಓಗೊಡುತ್ತವೆ ಎಂದು ಅಳೆಯುತ್ತೇನೆ. ಎರಡು ನರಕೋಶಗಳು ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದಿ ಇರುತ್ತದೆ. ಈಚೆಯ ಕೋಶ ಒಂದು ರಾಸಾಯನಿಕ ಚೆಲ್ಲುತ್ತದೆ, ಆಚೆಯದು ತನ್ನ ಮೈಮೇಲಿನ ಪುಟ್ಟ ಬಾಗಿಲುಗಳಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಒಂದೇ ದಾರಿಯಲ್ಲಿ ಜೋರಾಗಿ, ಬೇಗಬೇಗ ಕರೆ ಬಂದರೆ ಆಚೆಯ ಕೋಶ ಇನ್ನಷ್ಟು ಬಾಗಿಲು ತೆರೆದು, ಮುಂದೆ ಮೆಲ್ಲಗೆ ಕರೆದರೂ ಗಟ್ಟಿಯಾಗಿ ಓಗೊಡುತ್ತದೆ. ನನ್ನ ಪರದೆಯ ಮೇಲೆ ಗೆರೆ ಏರಿ, ಏರಿದಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ. ನೆನಪು ಅನ್ನುವುದರ ಬೇರು ಅಲ್ಲಿದೆ.

ಈಗ ಆ ನೀರಿಗೆ, ಮುಪ್ಪಿನ ಮರೆವಿನ ಕಾಯಿಲೆಗೆ ಕಾರಣವೆನ್ನುವ ಅಮಿಲಾಯ್ಡ್ ಹಾಕುತ್ತೇವೆ. ಅದೇನು ಹೊರಗಿನ ವಿಷವಲ್ಲ. ನಿಮ್ಮ ಮಿದುಳಲ್ಲೂ ನನ್ನದರಲ್ಲೂ ದಿನವೂ ಹುಟ್ಟುವ ಪ್ರೋಟೀನಿನ ತುಣುಕು, ಸಾಮಾನ್ಯವಾಗಿ ಹುಟ್ಟಿದ ಹಾಗೇ ತೊಳೆದುಹೋಗುತ್ತದೆ. ತೊಳೆದುಹೋಗದೆ ಉಳಿದದ್ದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ದೊಡ್ಡ ಗಂಟಾಗಿ ಕೂತದ್ದಕ್ಕಿಂತ, ನೀರಿನಲ್ಲಿ ಕಣ್ಣಿಗೆ ಕಾಣದೆ ತೇಲಾಡುವ ಸಣ್ಣ ಸಣ್ಣ ಕೂಟಗಳೇ ಹೆಚ್ಚು ಕಾಟ ಕೊಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವು ಹೋಗಿ ಆ ಸಂದಿಗಳಲ್ಲಿ ಕೂರುತ್ತವೆ. ಆಚೆಯ ಕೋಶ ಒಂದೊಂದೇ ಬಾಗಿಲನ್ನು ಒಳಗೆಳೆದುಕೊಳ್ಳುತ್ತದೆ. ಕೋಶ ಸತ್ತಿರುವುದಿಲ್ಲ. ಕರೆಯುವವನ ಗಂಟಲೂ ಗಟ್ಟಿಯಾಗಿಯೇ ಇರುತ್ತದೆ. ಗೆರೆ ಒಮ್ಮೆ ಏರುತ್ತದೆ, ನೋಡುನೋಡುತ್ತ ಜಾರಿ ಮೊದಲಿದ್ದಲ್ಲಿಗೇ ಬಂದು ಬೀಳುತ್ತದೆ. ಬೇಗ ಶುದ್ಧ ನೀರು ಹರಿಸಿ ತೊಳೆದರೆ ಕೆಲವು ಸಲ ಓಗೊಡುವಿಕೆ ಮರಳಿ ಬರುತ್ತದೆ. ತಡವಾದರೆ ಎಷ್ಟು ತೊಳೆದರೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದವಳು ಡಾಕ್ಟರ ಮುಂದೆ ಕೂತು, ಅದು ಮರೆವಲ್ಲ ಮೇಡಂ, ನಾಚಿಕೆ ಅಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನಾಚಿಕೆ ಅನ್ನುವುದು ಸುಳ್ಳೂ ಆಗಿರಲಿಲ್ಲ. ನಾವು ಬಾಗಲಕೋಟೆ ಕಡೆಯವರು. ಅಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ನಾಲಿಗೆಯ ಮೇಲೆ ತರುವುದಿಲ್ಲ. ಮದುವೆ ಮುಂಜಿಯಲ್ಲಿ ಉಳಿದ ಹೆಂಗಸರು ಸುತ್ತುಗಟ್ಟಿ ಪೀಡಿಸಿದಾಗ, ಪ್ರಾಸ ಕೂಡಿಸಿ ಎರಡು ಸಾಲು ಹೇಳಿ, ಕಟ್ಟಕಡೆಗೆ ಹೆಸರು ಸೇರಿಸುತ್ತಾಳೆ. ಅದಕ್ಕೆ ಒಡಪು ಅನ್ನುತ್ತಾರೆ. ಅವ್ವನ ಹತ್ತಿರ ಒಡಪುಗಳ ಭಂಡಾರವೇ ಇತ್ತು. ಅಪ್ಪ ಆಗ ಸಿಟಿ ಬಸ್ಸಿನ ಡ್ರೈವರ್. ಮದುವೆಯಾದ ಹೊಸದರಲ್ಲಿ ಹಲಸೂರು ಕೆರೆಯ ಹತ್ತಿರ ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲಿ ಅವ್ವ ತಾನೇ ಕಟ್ಟಿದ ಒಡಪೊಂದು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ:

"ಹಲಸೂರ ಕೆರಿ ನೀರು ಎಷ್ಟ ಹಸರ,
ಶಿವಾಜಿನಗರದ ಬಸ್ಸಿಗೆ ಮೈಯೆಲ್ಲ ಕೆಸರ,
ನೂರ ಮಂದ್ಯಾಗ ಹೇಳತೇನಿ ನಮ್ಮವರ ಹೆಸರ..."

ಆಮೇಲೆ ಅಪ್ಪನ ಹೆಸರು. ಅಪ್ಪ ಎಲ್ಲಿದ್ದರೂ ಬಾಗಿಲ ಮರೆಗೆ ಬಂದು ನಿಂತು ಕೇಳುತ್ತಿದ್ದ. ಮದುವೆಯಾಗದ ನನ್ನನ್ನು ಅವ್ವ ಕಾಡಿಸುತ್ತಿದ್ದಳು: "ಓದಿ ಓದಿ ಏನ್ ಬಂತ, ಒಡಪ ಹಚ್ಚಾಕ ಒಬ್ಬ ಗಂಡ ಇಲ್ಲ!"

ಆಸ್ಪತ್ರೆಗೆ ಹೋಗಿಬಂದು ಎಂಟು ತಿಂಗಳಾಗಿತ್ತು. ಕೆ.ಆರ್. ಪುರಂನಲ್ಲಿ ನನ್ನ ಚಿಕ್ಕಪ್ಪನ ಮಗಳ ಕುಬಸ, ಬಸುರಿಗೆ ಹೊಸ ಸೀರೆ ಕುಪ್ಪಸ ಉಡಿಸಿ ಆರತಿ ಎತ್ತುವ ಕಾರ್ಯ. ಆರತಿ ಮುಗಿದದ್ದೇ ಹೆಂಗಸರು ಅವ್ವನಿಗೆ ಗಂಟುಬಿದ್ದರು. "ದೊಡ್ಡವ್ವ, ಕೆರಿ ಒಡಪ ಹೇಳ್ರಿ!" ಅವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ಹಸರ ಬಂತು, ಕೆಸರ ಬಂತು. "ನೂರ ಮಂದ್ಯಾಗ ಹೇಳತೇನಿ ನಮ್ಮವರ ಹೆಸರ..." ಅಂದಳು. ನಿಂತಳು.

ಎಲ್ಲರೂ ಕಾದರು. ಅವ್ವನ ತುಟಿ ಒಂದು ಸಲ ಅಲುಗಿತು. ಯಾರೋ "ಈ ವಯಸ್ಸಿನ್ಯಾಗೂ ಎಷ್ಟ ನಾಚಿಕಿ ನೋಡ್ರಿ!" ಎಂದರು. ಮನೆಯೆಲ್ಲ ನಕ್ಕಿತು. ಅವ್ವನೂ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು, ಆಸ್ಪತ್ರೆಯಲ್ಲಿ ನಕ್ಕಿದ್ದಳಲ್ಲ, ಥೇಟ್ ಅದೇ ನಗು. ಆದರೆ ಸೆರಗು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. ಬಾಗಿಲ ಮರೆಯಲ್ಲಿ ಅಪ್ಪ ಇನ್ನೂ ಕಿವಿಗೊಟ್ಟು ನಿಂತೇ ಇದ್ದ.

ಅವ್ವನನ್ನು ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋದೆ.

"ಅವ್ವ, ಯಾರೂ ಇಲ್ಲ. ನನ್ನ ಕಿವ್ಯಾಗ ಹೇಳು."

"ಹೇಳಬಾರದವ್ವ."

"ಗೊತ್ತೈತೇನು, ಅಷ್ಟು ಹೇಳು ಸಾಕು."

ಅವಳು ಸುತ್ತ ನೋಡಿದಳು, ಪಾತ್ರೆಗಳ ನಡುವೆ ಏನನ್ನೋ ಹುಡುಕುವವಳ ಹಾಗೆ. "ಇಲ್ಲೇ ಇತ್ತು," ಅಂದಳು. "ಎಲ್ಲಿ ಇಟ್ಟೇನಿ ತಿಳೀವಲ್ದು." ಆಮೇಲೆ ನನ್ನ ಕೈ ಹಿಡಿದು, "ನಿಮ್ಮಪ್ಪಗ ಹೇಳಬ್ಯಾಡ," ಅಂದಳು.

ಎಷ್ಟು ದಿನದಿಂದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಸ್ಪತ್ರೆಯಲ್ಲೇ ಹೋಗಿತ್ತೋ, ಅದಕ್ಕೂ ಮೊದಲೇ ಹೋಗಿತ್ತೋ. ಹೆಸರು ಹೋಗಿತ್ತು, ನಾಚಿಕೆ ಮಾತ್ರ ಉಳಿದಿತ್ತು, ಆ ನಾಚಿಕೆಯ ಹಿಂದೆ ಅವಳು ಒಬ್ಬಳೇ ಅಡಗಿ ಕೂತಿದ್ದಳು. ನಾನು ಆ ನಾಚಿಕೆಗೆ ಅಂಕ ಕೊಡಿಸಿ ಮನೆಗೆ ಕರೆತಂದಿದ್ದೆ.

ಅಪ್ಪನಿಗೆ ಹೇಳದೆ ವಿಧಿಯಿರಲಿಲ್ಲ. ಮರುದಿನವೇ ಆಸ್ಪತ್ರೆಗೆ ಓಡಿದೆವು. ಮಿದುಳಿನ ಸುತ್ತ ಹರಿದು ಬೆನ್ನುಮೂಳೆಗೆ ಇಳಿಯುವ ನೀರನ್ನು ಬೆನ್ನಿನಿಂದ ತೆಗೆದು ಪರೀಕ್ಷೆಗೆ ಕಳಿಸಿದರು. ನೀರಿನಲ್ಲಿ ಅಮಿಲಾಯ್ಡ್ ಕಡಿಮೆ ಇದೆ ಎಂದು ವರದಿ ಬಂತು. ಅಪ್ಪ "ಕಡಿಮಿ ಐತಲ್ಲ, ಮತ್ತೇನು!" ಎಂದು ಕೈಮುಗಿದ. ಕಡಿಮೆ ಎಂದರೆ ಅದು ಹೊರಗೆ ಹರಿದುಬರುತ್ತಿಲ್ಲ, ಮಿದುಳಿನಲ್ಲೇ ಕಟ್ಟಿಕೊಂಡು ಕೂತಿದೆ ಎಂದು ನಾನೇ ಅವನಿಗೆ ಬಿಡಿಸಿ ಹೇಳಬೇಕಾಯಿತು. ಮುಗಿದ ಕೈಗಳನ್ನು ಅವನು ಬಹಳ ಹೊತ್ತು ಬಿಡಿಸಲಿಲ್ಲ.

ಡಾಕ್ಟರು ಒಂದು ದಾರಿ ತೋರಿಸಿದರು. ಅಮಿಲಾಯ್ಡಿಗೆ ಅಂಟಿಕೊಂಡು ಅದನ್ನು ಹೊರಗೆ ಸಾಗಿಸುವ ಔಷಧವೊಂದರ ಪ್ರಯೋಗ ಶುರುವಾಗುತ್ತಿತ್ತು. ಕಾಯಿಲೆಯ ಆರಂಭದಲ್ಲಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮೂರು ವಾರದ ನಂತರ ಅದೇ ಪ್ರಶ್ನೆಗಳ ಪರೀಕ್ಷೆ, ಇಂತಿಷ್ಟು ಅಂಕ ಬಂದರೆ ಒಳಗೆ, ಇಲ್ಲದಿದ್ದರೆ ಇಲ್ಲ. "ಔಷಧಿ ಕೊಟ್ಟರೂ ಹೋಗಿದ್ದು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ. ಹೋಗೋ ವೇಗ ಸ್ವಲ್ಪ ಕಮ್ಮಿ ಆಗ್ಬಹುದು, ಅಷ್ಟೇ," ಅಂದರು. ಮೆಲ್ಲಗೆ, "ಹೋದ ಸಲವೇ ಗೊತ್ತಾಗಿದ್ರೆ..." ಎಂದು ಶುರುಮಾಡಿ ನನ್ನ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

ಆ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಕಳೆದುಹೋದ ಎಂಟು ತಿಂಗಳನ್ನು ಮೂರು ವಾರದಲ್ಲಿ ವಾಪಸ್ಸು ತರುತ್ತೇನೆ ಎಂದು ಹೊರಟೆ. ರಜೆ ಹಾಕಿದೆ. ಡಾಕ್ಟರ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅವ್ವನನ್ನು ಎದುರು ಕೂರಿಸಿಕೊಂಡು, ಡಾಕ್ಟರ ಮಾತಿನಲ್ಲೇ, ಡಾಕ್ಟರ ಧಾಟಿಯಲ್ಲೇ ಕೇಳಿದೆ: "ನಿಮ್ಮ ಯಜಮಾನ್ರ ಹೆಸರೇನಮ್ಮ?" ಉತ್ತರ ನಾನೇ ಹೇಳಿದೆ. ಒಂದು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಐದು ನಿಮಿಷ ಬಿಟ್ಟು, ಇಪ್ಪತ್ತು ನಿಮಿಷ ಬಿಟ್ಟು. ಲ್ಯಾಬಿನಲ್ಲಿ ಮಿದುಳಿನ ಹೋಳಿಗೆ ವಿದ್ಯುತ್ ಕೊಡುವ ಲೆಕ್ಕವೇ ಅದು. ಒಂದೇ ದಾರಿಯಲ್ಲಿ ಬಡಿದು ಬಡಿದು ಇಟ್ಟರೆ ಒಂದಾದರೂ ಬಾಗಿಲು ತೆರೆದೀತು ಎಂಬ ಆಸೆ. ಪರೀಕ್ಷೆಗೆ ಹೀಗೆ ಉತ್ತರ ಹೇಳಿಕೊಡುವುದು ಮೋಸ ಎಂದು ಗೊತ್ತಿತ್ತು. ಲ್ಯಾಬಿನಲ್ಲಿ ಯಾರಾದರೂ ಗೆರೆಯನ್ನು ಹೀಗೆ ಕೈಯಿಂದ ಎತ್ತಿ ನಿಲ್ಲಿಸಿದ್ದರೆ ನಾನೇ ಬೈದು ಹೊರಗಟ್ಟುತ್ತಿದ್ದೆ.

ಮೊದಲ ದಿನಗಳಲ್ಲಿ ಅವ್ವ ಬಾಯಿಯೇ ಬಿಡಲಿಲ್ಲ. "ಗಂಡನ ಹೆಸರ ನನ್ನ ಬಾಯಿಂದ ಹೇಳಸ್ತಿ? ನಾಚಿಕಿ ಬಿಟ್ಟಿ ಏನು?" ಎಂದು ಸಿಟ್ಟಾದಳು. ಕಿವಿ ಮುಚ್ಚಿಕೊಂಡಳು. ಒಂದು ದಿನ ಅತ್ತಳು. ನಾನು ಬಿಡಲಿಲ್ಲ. ಮುದ್ದು ಮಾಡಿದೆ, ಗದರಿದೆ, ಒಂದು ಮಧ್ಯಾಹ್ನ ಊಟದ ತಟ್ಟೆಯನ್ನು ಹಿಡಿದುಕೊಂಡು, ಹೇಳಿದರೆ ಮಾತ್ರ ಕೊಡುತ್ತೇನೆ ಅಂದೆ. ಹೌದು, ಅಂದೆ.

ಅಪ್ಪ ತಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡ. "ನನ್ನ ಹೆಸರು ಆಕಿ ಬಾಯಾಗ ತುರುಕಬ್ಯಾಡ. ನನಗ ಬೇಕಾಗಿಲ್ಲ."

"ನಿನಗಲ್ಲಪ್ಪ, ಡಾಕ್ಟರಿಗೆ ಬೇಕು! ಇದೊಂದು ಅಂಕ ನಾನು ಕಳ್ಕೊಳ್ಳೂದಿಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ. ಹೆಸರೊಂದು ಸರಿಹೋದರೆ ಎಲ್ಲವೂ ಸರಿಹೋಗುತ್ತದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್ಪ ತಾನೇ ಅನ್ನ ಕಲಸಿ ಅವ್ವನಿಗೆ ತುತ್ತು ಕೊಟ್ಟ. ಅವ್ವ ತಿನ್ನುತ್ತ ನನ್ನ ಕಡೆ ಕದ್ದು ನೋಡುತ್ತಿದ್ದಳು.

ಎರಡನೆಯ ವಾರದ ಕೊನೆಗೆ ಹೆಸರು ಬಂತು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಸ್ಪಷ್ಟವಾಗಿ. ನಾನು ಅವಳನ್ನು ತಬ್ಬಿಕೊಂಡು ಕುಣಿದೆ. ಅವಳು ನನ್ನ ತೋಳಿನಲ್ಲಿ ಮರದ ಹಾಗೆ ನಿಂತಿದ್ದು, ಮೆಲ್ಲಗೆ ಕೇಳಿದಳು: "ಅಕ್ಕೋರ, ಇನ್ನ ಮನಿಗೆ ಬಿಡ್ರಿ."

ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಕುಣಿಯುತ್ತಿದ್ದ ಕಾಲು ಅಲ್ಲೇ ನಿಂತಿತು. ನಿಂತದ್ದು ಒಂದು ಗಳಿಗೆ ಮಾತ್ರ. ಮರುದಿನ ಬೆಳಿಗ್ಗೆ ಮತ್ತೆ ಎದುರು ಕೂರಿಸಿಕೊಂಡು ಕೇಳಿದೆ, "ನಿಮ್ಮ ಯಜಮಾನ್ರ ಹೆಸರೇನಮ್ಮ?"

ಪರೀಕ್ಷೆಯ ದಿನ ಅವ್ವನಿಗೆ ಇಳಕಲ್ ಸೀರೆ ಉಡಿಸಿದೆ. ಅಪ್ಪ ಕ್ಷೌರ ಮಾಡಿಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅದೇ ಕೋಣೆ, ಅದೇ ಕುರ್ಚಿಗಳು. ವಾರ ಕೇಳಿದರು, ಅವ್ವ ನನ್ನ ಮುಖ ನೋಡಿದಳು. ತಿಂಗಳು ಕೇಳಿದರು, ಸೀರೆಯ ಅಂಚು ನೋಡಿದಳು. ಹೇಳಿಕೊಟ್ಟ ಮೂರು ಪದಗಳಲ್ಲಿ ಒಂದೂ ಉಳಿಯಲಿಲ್ಲ. ಹೆಸರಿನ ಹುಚ್ಚಿನಲ್ಲಿ ಉಳಿದುದನ್ನೆಲ್ಲ ನಾನು ಅರ್ಧಂಬರ್ಧ ಕಲಿಸಿದ್ದೆ. ಕಲಿಸಿದ್ದರೂ ನಿಲ್ಲುತ್ತಿತ್ತು ಎಂದೇನಲ್ಲ.

"ನಿಮ್ಮ ಯಜಮಾನ್ರ ಹೆಸರೇನಮ್ಮ?"

ಅವ್ವ ನೆಟ್ಟಗೆ ಕೂತಳು. ಸೆರಗಿಗೆ ಕೈ ಹೋಗಲಿಲ್ಲ, ನಗು ಬರಲಿಲ್ಲ, ಪ್ರಾಸ ಇಲ್ಲ, ಕೆರೆ ಇಲ್ಲ, ಕೆಸರು ಇಲ್ಲ. ಹಾಜರಿ ಹೇಳುವ ಶಾಲೆಯ ಹುಡುಗಿಯಂತೆ ಅಪ್ಪನ ಹೆಸರನ್ನು ಬರಿದೇ, ಗಟ್ಟಿಯಾಗಿ ಹೇಳಿದಳು.

"ವೆರಿ ಗುಡ್," ಅಂದರು ಡಾಕ್ಟರು. ಅಪ್ಪ ಕುರ್ಚಿ ಸರಿಸಿ ಎದ್ದು ಹೊರಗೆ ಹೋದ.

ಅಂಕ ಸಾಲಲಿಲ್ಲ. ಕೂಡಿಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಡಾಕ್ಟರು ನನಗಾಗಿ ಎರಡು ಸಲ ಕೂಡಿಸಿದರು. ನಾನು ಅವರ ಮೇಜಿನ ಅಂಚು ಹಿಡಿದುಕೊಂಡು, ಇನ್ನೊಂದು ವಾರ ಕೊಡಿ ಮೇಡಂ, ನಾನು ಕಲಿಸ್ತೀನಿ, ಅಂದೆ. ಅಂದ ಮೇಲೆ ಏನು ಅಂದೆ ಎಂದು ನನಗೇ ಕೇಳಿಸಿತು. ಅವರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

ಹೊರಗೆ ಆವರಣದ ಮಳೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಅಪ್ಪ ಕೂತಿದ್ದ. ಕಣ್ಣು ಕೆಂಪಗಿತ್ತು. ಅವ್ವನನ್ನು ಅವನ ಪಕ್ಕದಲ್ಲಿ ಕೂರಿಸಿ ನಾನು ನಿಂತೇ ಇದ್ದೆ. ಹೇಳಬೇಕಾದ್ದನ್ನು ನನ್ನ ಮುಖವೇ ಹೇಳಿತ್ತು.

"ಇಷ್ಟ ವರ್ಷದಾಗ ಒಂದ ಸಲಾನೂ ನನ್ನ ಹೆಸರ ಹಿಂಗ ಹೇಳಿರಲಿಲ್ಲ," ಅಂದ ಅಪ್ಪ ನನ್ನ ಕಡೆ ನೋಡದೆ. "ಯಾರದೋ ಹೆಸರ ಹೇಳಿದಂಗ ಹೇಳಿದ್ಲು."

ಆಮೇಲೆ ಅವ್ವನ ಕಡೆ ತಿರುಗಿದ. ಈಗ ಒಳಗೆ ಹೇಳಿದ ಹೆಸರನ್ನೇ ತಾನೂ ಹೇಳಿ, "ಅಂವ ಯಾರು?" ಎಂದು ಕೇಳಿದ.

"ಯಾರೋ ಏನೋರಿ," ಅಂದಳು ಅವ್ವ. ನನ್ನ ಕಡೆ ಬೆರಳು ಮಾಡಿ, "ಈ ಅಕ್ಕೋರು ಕಲಿಸ್ಯಾರ," ಅಂದಳು.

ಬಾಗಿಲು ತೆರೆಯಲಿ ಎಂದು ಮೂರು ವಾರ ಬಡಿದಿದ್ದೆ. ತೆರೆದ ಬಾಗಿಲ ಹಿಂದೆ ಅಪ್ಪ ಇರಲಿಲ್ಲ, ನಾನೂ ಇರಲಿಲ್ಲ. ಪ್ರಶ್ನೆಗೆ ತಕ್ಕ ಒಂದು ಸದ್ದು ಇತ್ತು.

ಅಪ್ಪ ಮಾತ್ರ ಅವ್ವನ ಕಡೆಯೇ ನೋಡುತ್ತಿದ್ದ. ಮನೆಯ ಮಾತಿನಲ್ಲಿ, ಊರಿನ ಯಾವುದೋ ಹೆಂಗಸು ಕೇಳುವ ಹಾಗೆ ಸಲುಗೆಯಿಂದ ಕೇಳಿದ: "ಹಂಗಾರ ನಿಮ್ಮ ಮನಿಯವರ ಹೆಸರೇನಬೇ?"

ಅವ್ವನ ಕೈ ತಾನಾಗಿ ಮೇಲೆ ಹೋಯಿತು. ಸೆರಗು ಬಾಯಿಗೆ ಬಂತು. ಮುಖ ಕೆಂಪಾಯಿತು.

"ಅಯ್ಯ," ಅಂದಳು, "ಅದನ್ನ ಹೇಳಬಾರದ್ರಿ."

"ಹೌದೌದು, ಹೇಳಬ್ಯಾಡ," ಅಂದ ಅಪ್ಪ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ನನಗೆ ಆಟೋ ಕರೆಯಲು ಹೇಳಿದ.